ನೀರು ಹಾಕದ ಬ್ಯಾಟರಿ

"ಸದ್ದು ಮಾಡ್ತಿತ್ತು, ಅದಕ್ಕೆ ಕಿತ್ತೆ."

ಆಸ್ಪತ್ರೆಯ ಬಾಗಿಲಲ್ಲಿ ನಿಂತು ದೊಡ್ಡವಳು ಹೇಳಿದ್ದು ಇಷ್ಟೇ. ಹೇಳುವಾಗ ಕೈಚೀಲದ ಹಿಡಿಯನ್ನು ತಿರುಚುತ್ತಿದ್ದಳು. ಕಣ್ಣು ನೆಲದ ಮೇಲಿತ್ತು. ಒಳಗೆ ಚಿಕ್ಕವಳ ಗಂಡ ಮೇಷ್ಟ್ರನ್ನು ಮಾಸ್ಕ್ ಹಾಕಿ ಮಲಗಿಸಿದ್ದರು. ಅವರ ತುಟಿ ಇನ್ನೂ ಶಾಯಿ ಬಳಿದ ಹಾಗಿತ್ತು. ಚಿಕ್ಕವಳು ಆ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿ ಇಟ್ಟುಕೊಂಡಳು. ಒಂದು ದಿನ ಇದನ್ನೇ, ಒಂದಕ್ಷರವೂ ಆಚೀಚೆಯಾಗದಂತೆ, ಇವಳ ಮುಖಕ್ಕೆ ಹಿಂತಿರುಗಿಸಬೇಕು ಎಂದುಕೊಂಡಳು.

ದೊಡ್ಡವಳು, ಚಿಕ್ಕವಳು ಎಂದರೆ ಆ ಮನೆಗೆ ಬಂದ ಇಬ್ಬರು ಸೊಸೆಯರು. ಚಿಕ್ಕವಳ ತಲೆಯೂ ಈಗ ಅರ್ಧ ಬೆಳ್ಳಗಾಗಿತ್ತು, ಆದರೂ ಬೀದಿಯವರ ಬಾಯಲ್ಲಿ ಅವಳು ಚಿಕ್ಕವಳೇ. ಅಣ್ಣತಮ್ಮಂದಿರು ಹಿಂದೆ ಒಂದೇ ಮನೆಯಲ್ಲಿದ್ದರು. ಯಾವುದೋ ಒಂದು ಮಳೆಗಾಲದಲ್ಲಿ ಬಚ್ಚಲಿನ ಸೋರಿಕೆಯನ್ನು ಯಾರು ಸರಿ ಮಾಡಿಸಬೇಕು ಎಂಬಲ್ಲಿಂದ ಶುರುವಾದ ಮಾತು ಗೋಡೆಯಲ್ಲಿ ಮುಗಿಯಿತು. ಗೋಡೆ ಮನೆಯ ನಡುಮಧ್ಯದಲ್ಲಿ, ಕೇಕು ಕತ್ತರಿಸಿದಂತೆ ನೆಟ್ಟಗೆ ಹೋಯಿತು. ಹಿಂಬದಿಯ ದೊಡ್ಡ ಕೋಣೆಯೂ ಎರಡಾಯಿತು. ಈಚೆಯ ಅರ್ಧದಲ್ಲಿ ಮೇಷ್ಟ್ರ ಮಂಚ, ಆಚೆಯ ಅರ್ಧದಲ್ಲಿ ದೊಡ್ಡವಳ ಮಂಚ. ಗೋಡೆ ಎದ್ದ ಮೇಲೆ ಬೇರೆ ಬೇರೆ ಮೀಟರು ಬಂತು, ಬೇರೆ ಬೇರೆ ಬಾಗಿಲು ಬಂತು. ಭಾವ ತೀರಿಕೊಂಡ ಮೇಲೆ ದೊಡ್ಡವಳು ಒಬ್ಬಳೇ ಆದಳು. ಮಗಳು ಗಂಡನ ಮನೆಯಲ್ಲಿದ್ದಳು.

ಮೇಷ್ಟ್ರು ಶಾಲೆಯಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದವರು. ಅವರು ಸೀಟಿ ಊದಿದರೆ ಮೈದಾನದ ಆಚೆ ತುದಿಯ ಮಕ್ಕಳೂ ಕಂಬದ ಹಾಗೆ ನಿಲ್ಲುತ್ತಿದ್ದರು. ಆ ಎದೆಗೇ ಕಾಯಿಲೆ ಬಂತು. ಗಾಳಿಯಿಂದ ಆಮ್ಲಜನಕವನ್ನು ಸೋಸಿ ಕೊಡುವ ಒಂದು ಮೆಶಿನ್ನು ಮಂಚದ ಪಕ್ಕ ಬಂದು ಕೂತಿತು. ಮೂಗಿಗೆ ಸಣ್ಣ ಕೊಳವೆ. ಕರೆಂಟಿದ್ದರೆ ಮೆಶಿನ್ನು, ಮೆಶಿನ್ನಿದ್ದರೆ ಮೇಷ್ಟ್ರು. ಕರೆಂಟು ಹೋದಾಗಲೆಲ್ಲ ಗೋಡೆಯ ಮೇಲ್ಗಡೆಯ ಗಾಳಿಕಿಂಡಿಯಿಂದ ದೊಡ್ಡವಳ ಇನ್ವರ್ಟರಿಗೆ ಒಂದು ಬಿಳಿ ವೈರು ಹೋಗುತ್ತಿತ್ತು. ಆ ಏರ್ಪಾಟನ್ನು ದೊಡ್ಡವಳೇ ಕರೆದು ಹೇಳಿ ಮಾಡಿಸಿದ್ದಳು. ಚಿಕ್ಕವಳಿಗೆ ಹೊಟ್ಟೆ ಉರಿಯುತ್ತಿದ್ದದ್ದು ಅದಕ್ಕೇ. ಕೆಟ್ಟವಳಾಗಿದ್ದರೆ ಸುಲಭವಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ, ಬೆಳಗಿನ ಜಾವ ಕೆಲಸಕ್ಕೆ ಓಡುವ ಚಿಕ್ಕವಳಿಗಾಗಿ ದೊಡ್ಡವಳೇ ಎದ್ದು ನೀರು ಕಾಯಿಸಿ ಇಡುತ್ತಿದ್ದಳು. ಕೊಟ್ಟ ಕೈಯೇ ಕಿತ್ತುಕೊಂಡರೆ ಹೇಗೆ ತಡೆದುಕೊಳ್ಳುವುದು?

ಆ ಸಂಜೆ ಕರೆಂಟು ಹೋದಾಗ ಚಿಕ್ಕವಳು ಕೆಲಸದಲ್ಲಿದ್ದಳು. ಬಿಳಿ ವೈರು ಸೇರಿಕೊಂಡೇ ಇತ್ತು. ಆಚೆ ಟೀವಿ, ಫ್ರಿಜ್ಜು, ಫ್ಯಾನು ಎಲ್ಲ ಓಡುತ್ತಿದ್ದವು. ಹೊರೆ ಜಾಸ್ತಿಯಾಗಿ ಇನ್ವರ್ಟರು ಕೀ ಕೀ ಎಂದು ಅಳತೊಡಗಿತು. ದೊಡ್ಡವಳು ಎದ್ದು ಬಂದು ಬಿಳಿ ವೈರನ್ನು ಕಿತ್ತಳು, ಮತ್ತೆ ಹೋಗಿ ಟೀವಿಯ ಮುಂದೆ ಕೂತಳು. ಈಚೆ ಮೇಷ್ಟ್ರಿಗೆ ಕೂಗಲು ಉಸಿರಿರಲಿಲ್ಲ. ಸೀಟಿ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಸ್ಟೀಲ್ ಲೋಟ ತೆಗೆದುಕೊಂಡು ಗೋಡೆಗೆ ಬಡಿದರು, ಬಡಿದರು, ಬಡಿಯುತ್ತಲೇ ಇದ್ದರು. ಚಿಕ್ಕವಳು ಬಂದು ನೋಡಿದಾಗ ಲೋಟ ಕೈಯಿಂದ ಜಾರಿ ಬಿದ್ದಿತ್ತು. ಗೋಡೆಯ ಸುಣ್ಣದಲ್ಲಿ ಅರ್ಧಚಂದ್ರದ ಗುರುತುಗಳು ಒಂದರ ಮೇಲೊಂದು ಮೂಡಿದ್ದವು. ಆಮೇಲೆ ಆ ಗೋಡೆಗೆ ಸುಣ್ಣ ಹೊಡೆಸಲು ಅವಳು ಬಿಡಲಿಲ್ಲ.

ಮೇಷ್ಟ್ರು ಉಳಿದರು, ಮನೆಗೆ ಬಂದರು. ಬಂದವರ ಕೊರಳಿಗೆ ಅವಳು ಮೊದಲು ಕಟ್ಟಿದ್ದು ಆ ಸೀಟಿಯನ್ನು.

"ಇದನ್ನ ಊದೋಕೂ ಉಸಿರೇ ಬೇಕಲ್ಲ ಮಹರಾಯ್ತಿ" ಎಂದು ಮೇಷ್ಟ್ರು ನಕ್ಕರು.

ಅವಳು ನಗಲಿಲ್ಲ. ಗಾಳಿಕಿಂಡಿಗೆ ಹಲಗೆ ಬಡಿದಳು. ಬಿಳಿ ವೈರನ್ನು ಮಾತ್ರ ಎಸೆಯದೆ ಸುತ್ತಿ ಬೀರುವಿನಲ್ಲಿಟ್ಟಳು. ತಾನೇ ಒಂದು ಬ್ಯಾಟರಿ ಕಟ್ಟಬೇಕು ಎಂದು ಆಗಲೇ ಗಟ್ಟಿ ಮಾಡಿಕೊಂಡಿದ್ದಳು. ದೊಡ್ಡವಳದ್ದಕ್ಕಿಂತ ದೊಡ್ಡದು. ಊರೆಲ್ಲ ಕತ್ತಲಾದ ದಿನ ಬೀದಿಯಲ್ಲಿ ತನ್ನದೊಂದೇ ಮನೆ ಝಗಝಗಿಸಬೇಕು. ಆಗ ದೊಡ್ಡವಳು ಬಾಗಿಲಿಗೆ ಬರುತ್ತಾಳೆ. ಬಂದೇ ಬರುತ್ತಾಳೆ, ಏಕೆಂದರೆ ಭಾವ ಹೋದಾಗಿನಿಂದ ಅವಳಿಗೆ ಕತ್ತಲೆಂದರೆ ಪ್ರಾಣ ಹಾರಿಹೋಗುತ್ತದೆ. ಬಂದರೆ ಇಲ್ಲವೆನ್ನುವುದಿಲ್ಲ. ಅದೇ ಕಿಂಡಿಯಿಂದ ಅದೇ ಬಿಳಿ ವೈರನ್ನು ಕೊಡುತ್ತೇನೆ. ಅವಳು ಹಾಯಾಗಿ ಕೂತು, ಕಾಲು ಚಾಚಿ, ಇನ್ನು ಭಯವಿಲ್ಲ ಅಂದುಕೊಂಡ ಗಳಿಗೆಯಲ್ಲಿ ಕೀಳುತ್ತೇನೆ. ಕೇಳಲು ಬಂದರೆ ಹೇಳಬೇಕಾದ ಮಾತು ಸಿದ್ಧವಿತ್ತು.

ಚಿಕ್ಕವಳ ಕೆಲಸ ಹಲ್ಲಿನದು. ದಂತವೈದ್ಯರು ಅಚ್ಚು ತೆಗೆದು ಕಳಿಸುತ್ತಾರೆ, ಇವಳು ಕಟ್ಟುಹಲ್ಲು ಮಾಡುತ್ತಾಳೆ. ಮೇಣದಲ್ಲಿ ಒಸಡು ತೀಡಿ, ಹಲ್ಲು ಒಂದೊಂದಾಗಿ ಕೂರಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಕಳಿಸುವುದು. ಬೀದಿಯ ಅರ್ಧ ವಯಸ್ಸಾದವರ ನಗು ಅವಳ ಕೈಯದೇ. ದೊಡ್ಡವಳ ಬಾಯಲ್ಲಿದ್ದ ಎರಡು ಸೆಟ್ಟುಗಳನ್ನೂ ಅವಳೇ ಮಾಡಿಕೊಟ್ಟಿದ್ದಳು, ಒಳ್ಳೆಯ ದಿನಗಳಲ್ಲಿ, ಎಲ್ಲಕ್ಕಿಂತ ಅಂದವಾಗಿ.

"ನಾನು ಮಾಡಿದ ಹಲ್ಲನ್ನೇ ನನ್ನ ಮೇಲೆ ಮಸೀತಾಳೆ" ಎಂದು ಈಗ ಗೊಣಗುತ್ತಿದ್ದಳು.

"ಹೊಸದಾಗಿ ಮಸೆಯೋದು ಬೇಡ, ನೀನೇ ಚೂಪಾಗಿ ಮಾಡಿ ಕೊಟ್ಟಿದ್ದೀಯಲ್ಲ" ಎಂದು ಮೇಷ್ಟ್ರು ಕೊಳವೆಯ ಹಿಂದಿನಿಂದ ಅನ್ನುವರು.

ಆ ಮೇಲಿನ ಸೆಟ್ಟು ಈಚೆಗೆ ಸಡಿಲವಾಗಿತ್ತು. ದೊಡ್ಡವಳು ಊಟ ಮಾಡುವಾಗ ಟಕ್ ಟಕ್ ಎನ್ನುವುದು ಗೋಡೆಯ ಈಚೆಗೂ ಕೇಳಿಸುತ್ತಿತ್ತು. ವಯಸ್ಸಾದ ಹಾಗೆ ಒಸಡು ಕರಗುತ್ತದೆ, ಒಳಗೆ ಒಂದು ತೆಳು ಪದರ ಕೊಟ್ಟರೆ ಸರಿಹೋಗುತ್ತದೆ, ಅರ್ಧ ದಿನದ ಕೆಲಸ. ದೊಡ್ಡವಳು ಕೇಳಲಿಲ್ಲ, ಚಿಕ್ಕವಳು ಕರೆಯಲಿಲ್ಲ. ಟಕ್ ಟಕ್ ಕೇಳಿದಾಗಲೆಲ್ಲ ಇವಳಿಗೆ ಊಟ ರುಚಿಸುತ್ತಿತ್ತು.

ಬ್ಯಾಟರಿಯ ವಿದ್ಯೆಯನ್ನು ಅವಳು ಓದಿ, ಕೇಳಿ, ಎರಡು ಸಲ ಕೈ ಸುಟ್ಟುಕೊಂಡು ಕಲಿತಳು. ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ್ದು ಎಲ್ಲೋ ಮೂಲೆಯಲ್ಲಿ ಇನ್ನೂ ಉಳಿದಿತ್ತು. ಕೆಲಸ ಮುಗಿಸಿ ಬರುವ ದಾರಿಯಲ್ಲಿ ಒಂದು ಗುಜರಿ ಅಂಗಡಿ. ಅಪಘಾತವಾದ ಕರೆಂಟು ಗಾಡಿಗಳನ್ನು ಬಿಚ್ಚಿ ಮಾರುತ್ತಿದ್ದರು. ಗಾಡಿ ನುಗ್ಗಾದರೂ ಅದರ ಹೊಟ್ಟೆಯೊಳಗಿನ ಸೆಲ್ಲುಗಳು ಎಷ್ಟೋ ಸಲ ಚೆನ್ನಾಗಿಯೇ ಇರುತ್ತವೆ. ಒಂದೊಂದು ಸೆಲ್ಲು ಒಂದು ದಪ್ಪ ಪುಸ್ತಕದಷ್ಟು. ಅಂಗಡಿಯವನು ಮೊದಲು ಇವಳನ್ನು ನೋಡಿ ನಕ್ಕ. ಅವಳು ಸೆಲ್ಲಿನ ಪಕ್ಕೆಗಳನ್ನು ಬೆರಳಿನಿಂದ ಸವರಿ ಉಬ್ಬಿದ್ದನ್ನೆಲ್ಲ ಬದಿಗಿಡುವುದನ್ನು ಕಂಡ ಮೇಲೆ ನಗು ನಿಲ್ಲಿಸಿದ. ಮಾರನೆಯ ವಾರ ಹೋಗುವಷ್ಟರಲ್ಲಿ ಉಬ್ಬದ ಸೆಲ್ಲುಗಳನ್ನು ತಾನೇ ಆರಿಸಿ, ತುದಿಗಳು ಒಂದಕ್ಕೊಂದು ತಾಗದಂತೆ ಹಳೆಯ ಪೇಪರು ಸುತ್ತಿ ಇಟ್ಟಿದ್ದ. ಅವಳ ಸ್ಪಾನರನ್ನು ಕೇಳಿ ಪಡೆದು, ಅದರ ಹಿಡಿಯ ತುಂಬ ಟೇಪು ಸುತ್ತಿಕೊಟ್ಟ. ಸ್ಪಾನರು ಕೈ ಜಾರಿ ಎರಡು ತುದಿಗಳ ಮೇಲೆ ಅಡ್ಡ ಬಿದ್ದರೆ ಕಿಡಿಯಲ್ಲ, ಬೆಂಕಿಯೇ. "ಯಾರಿಗೋಸ್ಕರ ಅಕ್ಕಾ ಇಷ್ಟು ಕಷ್ಟ?" ಎಂದು ಅವನು ಕೇಳಿದ್ದಕ್ಕೆ, ಮನೆಯವರಿಗೋಸ್ಕರ ಎಂದಳು. ಅದು ಅರ್ಧ ನಿಜ.

ಸೆಲ್ಲುಗಳನ್ನು ಸುಮ್ಮನೆ ಸಾಲಾಗಿ ನಿಲ್ಲಿಸಿ ಕಟ್ಟಲಾಗದು. ಎಲ್ಲದರ ಬಲವೂ ಒಂದೇ ಸಮ ಇರಬೇಕು. ಒಂದು ಬಡವಾದರೂ ಉಳಿದವೆಲ್ಲ ಅದರ ಮಟ್ಟಕ್ಕೇ ಇಳಿಯುತ್ತವೆ. ಅವಳು ಒಂದೊಂದನ್ನೂ ತುಂಬಿಸಿದಳು, ಖಾಲಿ ಮಾಡಿದಳು, ಮತ್ತೆ ತುಂಬಿಸಿದಳು. ಬಾಯಿಗೆ ಹಲ್ಲಿನ ಬಣ್ಣ ಹೊಂದಿಸುವವಳಿಗೆ ಇದು ಹೊಸ ಕೆಲಸ ಅನ್ನಿಸಲಿಲ್ಲ. ಸಮನಾದವನ್ನು ಆರಿಸಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು, ಮರದ ಪೆಟ್ಟಿಗೆಯಲ್ಲಿ ಬಿಗಿಯಾಗಿ ಕೂರಿಸಿದಳು. ತಾಮ್ರದ ಪಟ್ಟಿಗಳನ್ನು ಕಟ್ಟುಹಲ್ಲು ಉಜ್ಜುವ ಅದೇ ಹಿಟ್ಟಿನಿಂದ ಕನ್ನಡಿಯಾಗುವಂತೆ ಉಜ್ಜಿದಳು. ಯಾವ ಸೆಲ್ಲೂ ಉಕ್ಕದಂತೆ, ಬತ್ತದಂತೆ ಕಾವಲು ಕಾಯುವ ಒಂದು ಸಣ್ಣ ಬೋರ್ಡು ಹಾಕಿ, ದಪ್ಪ ಫ್ಯೂಸು ಹಾಕಿದಳು. ಕೊನೆಗೆ ಯಾರೂ ಕೈ ತಾಗಿಸಿಕೊಳ್ಳದಿರಲಿ ಎಂದು ತುದಿಗಳಿಗೆಲ್ಲ ಮುಚ್ಚಳ ಮಾಡಿದಳು. ಕೈಗೆ ಸಿಕ್ಕ ಸಾಮಾನು ಕಟ್ಟುಹಲ್ಲಿನ ಒಸಡಿಗೆ ಬಳಸುವ ಅಕ್ರಿಲಿಕ್ಕೇ ಆಗಿದ್ದರಿಂದ ಮುಚ್ಚಳಗಳೆಲ್ಲ ಎಳೆ ಗುಲಾಬಿಯಾದವು.

ಮೇಷ್ಟ್ರು ಮಂಚದಿಂದ ಕತ್ತು ಚಾಚಿ ನೋಡಿದರು. "ಬ್ಯಾಟರಿಗೂ ಒಸಡು ಕಟ್ಟಿದ್ದೀಯಲ್ಲೇ! ಕಚ್ಚುತ್ತಾ?"

"ಕಚ್ಚಬೇಕಾದವರನ್ನ ಕಚ್ಚುತ್ತೆ."

ಮೇಷ್ಟ್ರು ಕೊಳವೆಯನ್ನು ಸರಿಮಾಡಿಕೊಂಡರು.

ಇಷ್ಟರ ನಡುವೆ ಇನ್ನೊಂದು ಕೆಲಸವನ್ನೂ ಅವಳು ಮಾಡಿದ್ದಳು. ಸರಿಯಾಗಿ ಹೇಳಬೇಕೆಂದರೆ, ಒಂದು ಕೆಲಸವನ್ನು ನಿಲ್ಲಿಸಿದ್ದಳು. ದೊಡ್ಡವಳ ಇನ್ವರ್ಟರಿನದು ಹಳೆಯ ಕಾಲದ ಬ್ಯಾಟರಿ, ನೀರು ಕುಡಿಯುವ ಜಾತಿಯದು. ಆಗಾಗ ಮುಚ್ಚಳ ತೆಗೆದು ಭಟ್ಟಿ ಇಳಿಸಿದ ನೀರು ಹಾಕದಿದ್ದರೆ ಒಳಗಿನ ತಗಡುಗಳು ಒಣಗಿ ಅದು ಸತ್ತೇ ಹೋಗುತ್ತದೆ. ಭಾವ ಇದ್ದಾಗ ಭಾವ ಹಾಕುತ್ತಿದ್ದರು. ಆಮೇಲೆ ಮೇಷ್ಟ್ರು ಕೈಲಾಗದಿದ್ದರೂ ತಿಂಗಳಿಗೊಮ್ಮೆ ಗೋಡೆ ಹಿಡಿದುಕೊಂಡು ಹೋಗಿ, ಅತ್ತಿಗೆಯ ಜೊತೆ ನಾಲ್ಕು ಮಾತಾಡಿ, ಅವಳು ಚಹಾ ಮಾಡುವಷ್ಟರಲ್ಲಿ ನೀರು ತುಂಬಿಸಿ ಬರುತ್ತಿದ್ದರು. ಹಾಗೆಂದು ಅವಳಿಗೆ ಹೇಳಿರಲಿಲ್ಲ. ಉಪಕಾರ ಮಾಡಿ ಹೇಳಿಕೊಳ್ಳುವ ಅಭ್ಯಾಸ ಅವರಿಗಿರಲಿಲ್ಲ. ಬ್ಯಾಟರಿಗೆ ನೀರು ಬೇಕು ಅನ್ನುವುದೇ ದೊಡ್ಡವಳಿಗೆ ಗೊತ್ತಿರಲಿಲ್ಲ. ಮೈದುನ ತನ್ನನ್ನು ನೋಡಿಕೊಂಡು ಹೋಗಲು ಬರುತ್ತಾನೆ ಎಂದೇ ಅವಳು ತಿಳಿದಿದ್ದಳು.

ಆಸ್ಪತ್ರೆಯಿಂದ ಬಂದ ಮೇಲೆ ಮೇಷ್ಟ್ರು ನೀರಿನ ಡಬ್ಬಿ ಕೈಗೆತ್ತಿಕೊಂಡಾಗ ಚಿಕ್ಕವಳು ಅದನ್ನು ಕಸಿದು ಅಟ್ಟದ ಮೇಲಿಟ್ಟಳು. ಅಲ್ಲಿ ಕಾಲಿಟ್ಟರೆ ನನ್ನ ಹೆಣ ನೋಡ್ತೀರಿ ಎಂದಳು. ಯಾರು ಯಾರ ಹೆಣ ಮೊದಲು ನೋಡುತ್ತಾರೆ ಎಂಬುದರಲ್ಲಿ ಮೇಷ್ಟ್ರಿಗೆ ಅನುಮಾನವೇನೂ ಇರಲಿಲ್ಲ. ಆದರೆ ಹೆಂಡತಿಯ ಮುಖ ನೋಡಿ ಮಾತು ನುಂಗಿಕೊಂಡರು. ನೀರು ನಿಂತಿತು. ಗೋಡೆಯಾಚೆ, ಮುಚ್ಚಿದ ಪೆಟ್ಟಿಗೆಯಲ್ಲಿ, ಬ್ಯಾಟರಿ ಸದ್ದಿಲ್ಲದೆ ಒಣಗತೊಡಗಿತು. ಸಣ್ಣಪುಟ್ಟ ಕರೆಂಟು ಹೋಗುವಿಕೆಗೆ ಅದು ಹೇಗೋ ತಾಳಿಕೊಳ್ಳುತ್ತಿತ್ತು. ದೊಡ್ಡದೊಂದು ಬರಬೇಕು, ಅಷ್ಟೇ. ಅವಳು ಬೆಕ್ಕು ಕಾದ ಹಾಗೆ ಕಾದಳು.

ಬ್ಯಾಟರಿಗೆ ಒಂದು ಇನ್ವರ್ಟರು ಕೊಂಡು ಹಜಾರದಲ್ಲಿ ಕೂರಿಸಿ, ಮನೆಯ ಲೈನಿಗೆ ಸೇರಿಸಲು ಮಾತ್ರ ವೈರಿಂಗಿನವನನ್ನು ಕರೆಸಿದಳು. ಯಾವ ಲೈನು ಬ್ಯಾಟರಿಗೆ ಬರಬೇಕು ಎಂದು ಅವನು ಕೇಳಿದ. ಮಲಗುವ ಕೋಣೆಯದು, ಮತ್ತೆ ಹಜಾರದ್ದು ಎಂದಳು. ಅವನು ಬೋರ್ಡು ಬಿಚ್ಚಿ, ಕೋಣೆಯ ವೈರನ್ನು ಎಳೆದು ನೋಡಿ, ಇದು ಗೋಡೆಯೊಳಗೆ ಎಲ್ಲೆಲ್ಲಿ ಹೋಗಿದೆ ಎಂದು ಒಂದು ಸಲ ಆಚೆ ಮನೆಗೂ ಹೋಗಿ ನೋಡಿ ಬರಲೇ ಎಂದ. "ಆ ಕಡೆ ನಮಗೇನೂ ಕೆಲಸ ಇಲ್ಲ" ಎಂದು ಚಿಕ್ಕವಳು ಕಡ್ಡಿ ಮುರಿದ ಹಾಗೆ ಹೇಳಿದಳು. ಅವನು ಭುಜ ಹಾರಿಸಿ ಸೇರಿಸಿ ಹೋದ. ಆಸ್ಪತ್ರೆಯಿಂದ ಬಂದ ಮೇಲೆ ಆಪತ್ತಿಗೆಂದು ತರಿಸಿ ಮೂಲೆಯಲ್ಲಿ ನಿಲ್ಲಿಸಿದ್ದ ಆಮ್ಲಜನಕದ ಸಿಲಿಂಡರನ್ನು ಅವಳು ವಾಪಸ್ಸು ಕಳಿಸಿದಳು. "ನನ್ನ ಎರಡನೇ ಹೆಂಡತೀನ ತವರಿಗೆ ಅಟ್ಟಿದೆಯಲ್ಲ, ತೂಕದವಳಾದರೂ ಬಾಯಿರಲಿಲ್ಲ" ಎಂದು ಮೇಷ್ಟ್ರು ನಿಟ್ಟುಸಿರಿಟ್ಟರು.

ಅವಳು ಕಾಯುತ್ತಿದ್ದ ದಿನ ಒಂದು ರಜೆಯ ಮಧ್ಯಾಹ್ನ ಬಂತು. ಬೀದಿಯ ತುದಿಯ ಟ್ರಾನ್ಸ್‌ಫಾರ್ಮರು ಢಮ್ ಎಂದು ಹೊಗೆ ಕಾರಿತು. ನಾಳೆಯವರೆಗೆ ಕರೆಂಟಿನ ಆಸೆ ಬೇಡ ಎಂದು ಲೈನ್‌ಮನ್ನು ಕೂಗಿಕೊಂಡು ಹೋದ. ಚಿಕ್ಕವಳ ಮನೆಯಲ್ಲಿ ಮೆಶಿನ್ನು ಒಂದು ಸಲ ತೊದಲಿತು, ಅಷ್ಟೇ. ಗುಲಾಬಿ ಒಸಡಿನ ಪೆಟ್ಟಿಗೆ ಹೊರೆಯನ್ನು ಹೊತ್ತುಕೊಂಡಿತು. ಮೇಷ್ಟ್ರು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು. ಅವಳ ಕಣ್ಣು ಒದ್ದೆಯಾಯಿತು, ಆದರೆ ಕಿವಿ ಗೋಡೆಯ ಮೇಲಿತ್ತು. ಆಚೆ ಇನ್ವರ್ಟರು ಕೀ ಕೀ ಎನ್ನತೊಡಗಿತು. ಫ್ಯಾನು ಆರಿಸಿದ ಸದ್ದು, ಟೀವಿ ನಿಂತ ಸದ್ದು. ಆದರೂ ಕೀ ಕೀ ನಿಲ್ಲಲಿಲ್ಲ. ಸಂಜೆಯಾಗುತ್ತಿದ್ದಂತೆ ಅದು ಉದ್ದಕ್ಕೆ ಒಮ್ಮೆ ಕಿರುಚಿ ಸುಮ್ಮನಾಯಿತು.

ಚಿಕ್ಕವಳು ಬೀರುವಿನಿಂದ ಬಿಳಿ ವೈರನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಹಜಾರದಲ್ಲಿ ಬಾಗಿಲಿಗೆದುರಾಗಿ ಕೂತಳು. ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದಳು, ಬೆಳಕು ಬೀದಿಗೆ ಬೀಳಲೆಂದು. ಹೊರಗೆ ಕತ್ತಲು ಗಟ್ಟಿಯಾಯಿತು. ಬಾಗಿಲು ಬಡಿಯುವ ಸದ್ದಿಲ್ಲ. ಆಚೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ ಕೋಣೆಯ ಗೋಡೆಯ ಹಿಂದಿನಿಂದ ದೊಡ್ಡವಳ ದನಿ ಬಂತು. ಎಷ್ಟೋ ತಿಂಗಳಿನಿಂದ ಕೇಳದ ದನಿ. ಸಡಿಲ ಹಲ್ಲಿನ ನಡುವೆ ಮೆಲ್ಲಗೆ ಜಾರಿ ಬಂತು.

"ತಂಗೀ... ಈ ಕೋಣೆ ಲೈಟೊಂದನ್ನ ಬಿಟ್ಟಿದ್ದೀಯಲ್ಲ. ಸಾಕಮ್ಮ. ನಿನ್ನ ಮನಸ್ಸು ನನಗೆ ಗೊತ್ತಿತ್ತು."

ಚಿಕ್ಕವಳಿಗೆ ಮೊದಲು ಅರ್ಥವಾಗಲಿಲ್ಲ. ಹೊರಗೋಡಿ ನೋಡಿದಳು. ಆಚೆಯ ಕತ್ತಲು ಮನೆಯಲ್ಲಿ ಹಿಂಬದಿಯ ಕಿಟಕಿ ಮಾತ್ರ ಹಳದಿಯಾಗಿ ಬೆಳಗುತ್ತಿತ್ತು. ಒಳಗೆ ಬಂದು ಹಜಾರದ ಲೈನು ಆರಿಸಿ ಮತ್ತೆ ನೋಡಿದಳು. ಕಿಟಕಿ ಬೆಳಗುತ್ತಲೇ ಇತ್ತು. ಆಗ ಹೊಳೆಯಿತು. ಕೋಣೆಯನ್ನು ಎರಡು ಮಾಡಿದ್ದರು, ಮೀಟರನ್ನು ಎರಡು ಮಾಡಿದ್ದರು, ಆ ಕೋಣೆಯ ವೈರನ್ನು ಮಾತ್ರ ಮಾಡಿರಲಿಲ್ಲ. ಗೋಡೆ ಕಟ್ಟುವ ಆತುರದಲ್ಲಿ ಅಣ್ಣತಮ್ಮಂದಿರಿಬ್ಬರೂ ಇಟ್ಟಿಗೆ ನೋಡಿದ್ದರೇ ಹೊರತು ಅದರೊಳಗಿನದನ್ನು ನೋಡಿರಲಿಲ್ಲ. ವೈರಿಂಗಿನವನು ನೋಡಿ ಬರುತ್ತೇನೆ ಎಂದಾಗ ತಡೆದದ್ದು ತಾನೇ. ಇಷ್ಟು ದಿನ ಬೆವರು ಸುರಿಸಿ, ಕೈ ಸುಟ್ಟುಕೊಂಡು ಕಟ್ಟಿದ ಬ್ಯಾಟರಿ ಈಗ ಅವಳಿಗೇ ದೀಪ ಹಚ್ಚಿ ಕೂತಿದೆ. ಸಾಲದ್ದಕ್ಕೆ ಕೃತಜ್ಞತೆ ಬೇರೆ. ಮುಖಕ್ಕೆ ಉಗಿದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ದಡದಡನೆ ಬೋರ್ಡಿನ ಹತ್ತಿರ ಹೋಗಿ ಕೋಣೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. ಒತ್ತಿದರೆ ಆಚೆಯ ಲೈಟು ಹೋಗುತ್ತದೆ. ಈಚೆಯ ಮೆಶಿನ್ನೂ ಹೋಗುತ್ತದೆ.

ತೆರೆದ ಬಾಗಿಲಿನಿಂದ ಮೇಷ್ಟ್ರು ಅವಳನ್ನೇ ನೋಡುತ್ತಿದ್ದರು. "ಕೀಳ್ತೀಯಾ? ಹೇಳಿ ಕೀಳು. ಒಂದು ದೊಡ್ಡ ಉಸಿರು ಎಳೆದು ಇಟ್ಕೋತೀನಿ."

ಅವಳ ಬೆರಳು ಸುಟ್ಟಂತಾಗಿ ಹಿಂದೆ ಬಂತು. ಬೇರೆ ದಾರಿ ಇತ್ತು. ಬಿಳಿ ವೈರನ್ನು ಹಜಾರದ ಇನ್ವರ್ಟರಿನಿಂದ ನೇರವಾಗಿ ಮೆಶಿನ್ನಿಗೆ ಎಳೆಯಬಹುದಿತ್ತು. ಅದಕ್ಕೆ ಮೊದಲು ಗೋಡೆಯಲ್ಲಿರುವ ಪ್ಲಗ್ಗನ್ನು ಕೀಳಬೇಕು. ಹೋಗಿ ಬಗ್ಗಿ ಪ್ಲಗ್ಗನ್ನು ಹಿಡಿದಳು. ನಾಲ್ಕು ಉಸಿರಿನಷ್ಟು ಹೊತ್ತು, ಹೆಚ್ಚಿಲ್ಲ. ಆದರೆ ಕೈಗೆ ಆ ಕೆಲಸ ಬರಲಿಲ್ಲ. ಅವಳು ಎದ್ದು ಲೋಟದ ಗುರುತುಗಳ ಗೋಡೆಗೆ ಬಾಯಿ ಹತ್ತಿರ ತಂದಳು.

"ಅಕ್ಕಾ, ಕೇಳಿಸ್ತಿದ್ಯಾ? ಆ ಲೈಟು ನಿಮಗೋಸ್ಕರ ಬಿಟ್ಟಿದ್ದಲ್ಲ. ನಿಮ್ಮ ಲೈಟೂ ಇವರ ಮೆಶಿನ್ನೂ ಒಂದೇ ವೈರಲ್ಲಿವೆ. ನಿಮ್ಮದನ್ನ ಕೀಳಬೇಕಾದರೆ ಇವರದನ್ನ ಕೀಳಬೇಕು. ಅದು ನಿಮ್ಮ ಕೈಲಾಯ್ತು, ನನ್ನ ಕೈಲಾಗಲ್ಲ. ಅದಕ್ಕೇ ಉರೀತಿದೆ. ಇವರ ಉಸಿರಲ್ಲಿ ಉರೀತಿದೆ ಅದು. ಚೆನ್ನಾಗಿ ನೋಡ್ಕೊಂಡು ಕೂತಿರಿ."

ಆಮೇಲೆ ದೊಡ್ಡವಳು ಹೇಳಿದಳು, "ಅವತ್ತು ಅದು ಅಳ್ತಿತ್ತು ತಂಗೀ. ಪೂರ್ತಿ ನಿಂತು ಕತ್ತಲಾಗಿಬಿಡುತ್ತೆ ಅಂತ ಹೆದರಿದೆ. ಅಷ್ಟೇ."

ಟಕ್ ಎಂದು ಸ್ವಿಚ್ಚು ಒತ್ತಿದ ಸದ್ದು. ಚಿಕ್ಕವಳು ಹೊರಗೆ ಹೋಗಿ ನೋಡಿದಳು. ಹಳದಿ ಕಿಟಕಿ ಆರಿತ್ತು. ದೊಡ್ಡವಳು ತಾನಾಗಿಯೇ ಲೈಟು ಆರಿಸಿ ಕತ್ತಲಲ್ಲಿ ಕೂತಿದ್ದಳು.

ಇದು ತಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ಚಿಕ್ಕವಳು ಒಳಗೆ ಬಂದು ತಟ್ಟೆ ಹಾಕಿಕೊಂಡಳು. ಎರಡನೆಯ ಸಲ ಬಡಿಸಿಕೊಂಡು ಉಂಡಳು. ಅತ್ತಿಗೆ ಕತ್ತಲಲ್ಲಿದ್ದಾರೆ ಎಂದು ಮೇಷ್ಟ್ರು ನೆನಪಿಸಿದಾಗ, ಕೂತಿರಲಿ ಎಂದಳು.

ಅಷ್ಟರಲ್ಲಿ ಗೋಡೆಯಲ್ಲಿ ಸದ್ದಾಯಿತು. ಟಣ್. ಮತ್ತೆ ಟಣ್ ಟಣ್. ಆಚೆಯಿಂದ ಯಾರೋ ಲೋಟದಲ್ಲಿ ಬಡಿಯುತ್ತಿದ್ದರು.

ಚಿಕ್ಕವಳ ಕೈ ತಟ್ಟೆಯ ಮೇಲೆ ನಿಂತಿತು. ಇಷ್ಟು ಅಚ್ಚುಕಟ್ಟಾದ ಸೇಡನ್ನು ಅವಳು ಕನಸಿನಲ್ಲೂ ಕಂಡಿರಲಿಲ್ಲ. ಅದೇ ಗೋಡೆ, ಅದೇ ಲೋಟ, ಕೂಗಲಾರದ ಯಾರೋ. ಅವಳು ನೀರು ಕುಡಿದಳು. ಟಣ್ ಟಣ್ ನಿಂತು, ಮತ್ತೆ ಶುರುವಾಯಿತು. ಅವಳು ತಟ್ಟೆ ತೊಳೆಯಲು ಎದ್ದಳು.

ಹಿಂದೆ ಮಂಚ ಕಿರುಗುಟ್ಟಿತು. ಮೇಷ್ಟ್ರು ಮೂಗಿನ ಕೊಳವೆ ತೆಗೆದು ದಿಂಬಿನ ಮೇಲಿಟ್ಟು, ಗೋಡೆ ಹಿಡಿದು ನಿಂತಿದ್ದರು.

"ಎಲ್ಲಿಗೆ?"

"ಆಚೆಗೆ." ಎರಡು ಹೆಜ್ಜೆಗೆ ಏದುಸಿರು ಬಂತು. ಬಾಗಿಲ ಚೌಕಟ್ಟಿಗೆ ಒರಗಿ, ಮಾತಿನ ನಡುನಡುವೆ ಉಸಿರು ಹುಡುಕುತ್ತಾ ಹೇಳಿದರು. "ಅವತ್ತು ಅವರಿಗೆ ಕೇಳಿಸಲಿಲ್ಲ ಕಣೇ. ಟೀವಿ ಇತ್ತು. ನಿನಗೆ ಕೇಳಿಸ್ತಿದೆ."

ಚಿಕ್ಕವಳು ಅವರನ್ನು ಹಿಡಿದು ವಾಪಸ್ಸು ಕೂರಿಸಿದಳು, ಕೊಳವೆಯನ್ನು ಮೂಗಿಗೆ ಹಾಕಿದಳು, ಸ್ವಲ್ಪ ಒರಟಾಗಿಯೇ. ಟಾರ್ಚು ತೆಗೆದುಕೊಂಡು ಹೊರಟಳು.

ದೊಡ್ಡವಳ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಕೋಣೆಯಲ್ಲಿ ಅವಳು ಮಂಚದ ಮೇಲೆ ಎರಡೂ ಕಾಲು ಮೇಲಕ್ಕೆತ್ತಿಕೊಂಡು, ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಟಾರ್ಚಿನ ಬೆಳಕು ಬಿದ್ದ ಕೂಡಲೇ ನೆಲದ ಕಡೆ ಕೈ ತೋರಿಸಿದಳು. ಅತ್ತಿದ್ದಳೋ ಸೀನಿದ್ದಳೋ, ಸಡಿಲವಾಗಿದ್ದ ಮೇಲಿನ ಸೆಟ್ಟು ಕತ್ತಲಲ್ಲಿ ಹಾರಿ ಬಿದ್ದಿತ್ತು. ತುಳಿದು ಮುರಿದುಬಿಡುತ್ತೇನೆಂಬ ಹೆದರಿಕೆಗೆ ಲೈಟಿನ ಸ್ವಿಚ್ಚಿನ ತನಕ ಹೋಗಲೂ ಕಾಲು ಕೆಳಗಿಟ್ಟಿರಲಿಲ್ಲ. ಹಲ್ಲಿಲ್ಲದೆ ಕೂಗಲು ನಾಚಿಕೆ.

ಚಿಕ್ಕವಳು ಮಂಡಿಯೂರಿ ಮಂಚದ ಕೆಳಗೆ ಕೈಯಾಡಿಸಿದಳು. ಬೆರಳಿಗೆ ಸಿಕ್ಕಿತು. ಕಣ್ಣು ಮುಚ್ಚಿಕೊಂಡೂ ಗುರುತು ಹಿಡಿಯುತ್ತಿದ್ದಳು. ಮುಂದಿನ ಎರಡು ಹಲ್ಲುಗಳನ್ನು ದೊಡ್ಡವಳ ಹಳೆಯ ನಗುವಿನ ಹಾಗೇ ಬರಲಿ ಎಂದು ಒಂದರ ಮೇಲೊಂದು ಕೊಂಚ ಏರಿಸಿ ಕೂರಿಸಿದ್ದು ತಾನೇ. ಮುರಿದಿರಲಿಲ್ಲ. ನಲ್ಲಿಯ ಕೆಳಗೆ ತೊಳೆದು ತಂದು ಕೊಟ್ಟಳು. ದೊಡ್ಡವಳು ಮುಖ ತಿರುಗಿಸಿ ಹಾಕಿಕೊಂಡಳು.

"ಬ್ಯಾಟರಿಗೆ ಏನಾಯ್ತೋ ಗೊತ್ತಿಲ್ಲ. ಚೆನ್ನಾಗೇ ಇತ್ತಲ್ಲ" ಎಂದಳು ಆಮೇಲೆ.

ಚಿಕ್ಕವಳು ಮೂಲೆಗೆ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದು ಟಾರ್ಚು ಬಿಟ್ಟಳು. ತಗಡುಗಳು ಬಿರುಕು ಬಿಟ್ಟ ಕೆರೆಯಂತೆ ಒಣಗಿದ್ದವು. ಎಷ್ಟು ದಿನದಿಂದ ನೋಡಬೇಕೆಂದಿದ್ದ ನೋಟ. ನೋಡಿದಳು.

"ನೀರಿಲ್ಲ."

"ಅದಕ್ಕೆ ನೀರು ಬೇಕಿತ್ತಾ?"

"ಇವರು ತಿಂಗಳು ತಿಂಗಳೂ ಬಂದು ಹಾಕ್ತಿದ್ದರು. ನೀವು ಚಹಾ ಮಾಡೋಕೆ ಹೋದಾಗ. ಆಸ್ಪತ್ರೆಯಿಂದ ಬಂದ ಮೇಲೆ ನಾನು ನಿಲ್ಲಿಸಿದೆ."

ದೊಡ್ಡವಳು ಅವಳನ್ನೇ ನೋಡಿದಳು. "ಸತ್ತುಹೋಗುತ್ತೆ ಅಂತ ಗೊತ್ತಿದ್ದೂ?"

"ಗೊತ್ತಿದ್ದೂ."

ಆ ಮಾತನ್ನು ಹೇಳುವಾಗ ಚಿಕ್ಕವಳು ನೆಲ ನೋಡಲಿಲ್ಲ, ಏನನ್ನೂ ತಿರುಚಲಿಲ್ಲ. ಗಂಟು ಕಟ್ಟಿಟ್ಟಿದ್ದ ಆ ಇನ್ನೊಂದು ಮಾತನ್ನು ಹೇಳಬೇಕೆಂದು ಬಾಯಿ ತೆರೆದಳು. ಇದಕ್ಕಿಂತ ಅದು ಚಿಕ್ಕದು ಎನ್ನಿಸಿ ಮುಚ್ಚಿಕೊಂಡಳು. ದೊಡ್ಡವಳು ತಲೆಯಾಡಿಸಿದಳು. ಬಹಳ ಹೊತ್ತು ಆಡಿಸುತ್ತಲೇ ಇದ್ದಳು. ಆಮೇಲೆ ಮಂಚದಿಂದಿಳಿದು, ಮಂಡಿ ಹಿಡಿದುಕೊಂಡು ಹೋಗಿ, ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಳು. ಒತ್ತಲಿಲ್ಲ. ಗೋಡೆಯಾಚೆ ಮೆಶಿನ್ನು ಹದವಾಗಿ ಉಸಿರಾಡುವುದು ಇಬ್ಬರಿಗೂ ಕೇಳಿಸುತ್ತಿತ್ತು.

"ಹಾಕಿ" ಎಂದಳು ಚಿಕ್ಕವಳು. "ಒಂದು ಲೈಟಿನಿಂದ ಅವರಿಗೇನೂ ಕಮ್ಮಿಯಾಗಲ್ಲ. ಕತ್ತಲಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಅದನ್ನೂ ನಾನೇ ನೋಡಬೇಕು."

ಲೈಟು ಬಂತು. ಬೆಳಕಿನಲ್ಲಿ ದೊಡ್ಡವಳು ಚಿಕ್ಕವಳ ನೆನಪಿನಲ್ಲಿದ್ದದ್ದಕ್ಕಿಂತ ಮುದುಕಿಯಾಗಿ ಕಂಡಳು. ಬಾಯಿ ತೆರೆದಾಗ ಮೇಲಿನ ಸೆಟ್ಟು ಮತ್ತೆ ಟಕ್ಕೆಂದಿತು. ಚಿಕ್ಕವಳಿಗೆ ಆ ಸದ್ದು ಈಗ ತನ್ನ ಕೆಲಸಕ್ಕೆ ಯಾರೋ ಕೊಟ್ಟ ಕೆಟ್ಟ ಹೆಸರಿನ ಹಾಗೆ ಕಿವಿಗೆ ಚುಚ್ಚಿತು.

ಬಾಗಿಲ ತನಕ ಹೋದವಳು ತಿರುಗಿದಳು. "ನಾಡಿದ್ದು ಬೆಳಿಗ್ಗೆ ನಾನು ಕೆಲಸ ಮಾಡೋ ಕಡೆ ಬನ್ನಿ. ಆ ಮೇಲಿನದ್ದಕ್ಕೆ ಒಳಗೊಂದು ಪದರ ಕೊಟ್ಟು ಸರಿ ಮಾಡ್ತೀನಿ."

ದೊಡ್ಡವಳು ಅನುಮಾನದಿಂದ ಕೈಯನ್ನು ಬಾಯಿಯ ಹತ್ತಿರ ತಂದಳು. "ನೋಯಿಸ್ತೀಯಾ?"

ಚಿಕ್ಕವಳು ಟಾರ್ಚು ಆರಿಸಿ, ಸ್ವಲ್ಪ ಯೋಚಿಸಿದಳು.

"ಸ್ವಲ್ಪ" ಎಂದಳು.